ಚೀಟಿ ಮಾಡಿಸಿದಿರಾ?

ದೇಶ ಬದಲಿಸುವುದರಲ್ಲಿ ಕೊಳ್ಳೇಗಾಲದವರಷ್ಟು ಪಳಗಿದ ಜನ ಬೇರೆ ಕಡೆ ಸಿಗುವುದು ಕಷ್ಟ. ಉಳಿದವರು ವಿಮಾನ ಹತ್ತಿ ಬದಲಿಸುತ್ತಾರೆ, ನಾವು ಜಗಲಿಯಿಂದ ಏಳದೆಯೇ ಬದಲಿಸಿದವರು. 1956ರ ಅಕ್ಟೋಬರ್ 31ರ ರಾತ್ರಿ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿ ಮಲಗಿದ ಊರು, ಬೆಳಿಗ್ಗೆ ಏಳುವಾಗ ಮೈಸೂರು ರಾಜ್ಯದಲ್ಲಿತ್ತು. 1997ರಲ್ಲಿ ಮೈಸೂರು ಜಿಲ್ಲೆಯಿಂದ ಕಳಚಿಕೊಂಡು ಚಾಮರಾಜನಗರ ಜಿಲ್ಲೆಗೆ ಸೇರಿದೆವು. ಆಮೇಲೆ ಹನೂರು ನಮ್ಮಿಂದ ಭಾಗ ತೆಗೆದುಕೊಂಡು ತಾನೇ ತಾಲ್ಲೂಕಾಯಿತು. ಇನ್ನು ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಸಿಕ್ಕ ಜಹಗೀರು, ಮೈಸೂರು ಮಹಾರಾಜರ ಸೀಮೆ. ಅಂದರೆ ಬ್ರಿಟಿಷರ ಕಾಲದಲ್ಲಿ ಕೊಳ್ಳೇಗಾಲದ ರೈತನೊಬ್ಬ ಮಂಡಿನೋವಿಗೆ ಔಷಧಿ ಹುಡುಕಿಕೊಂಡು ಹದಿನೈದು ಹದಿನಾರು ಕಿಲೋಮೀಟರ್ ಗಾಡಿ ಹೊಡೆದು ಯಳಂದೂರಿಗೆ ಹೋದರೆ, ಕಾನೂನಿನ ಪ್ರಕಾರ ಅವನು ಕಂಪನಿ ಸರ್ಕಾರದ, ಆಮೇಲೆ ರಾಣಿ ಸರ್ಕಾರದ ಪ್ರಜೆ. ಪರರಾಜ್ಯದ ಪಂಡಿತರಿಗೆ ಕೈ ಚಾಚುತ್ತಿದ್ದ. ಪಂಡಿತರು ನಾಡಿ ಹಿಡಿಯುವ ಮುಂಚೆ ಯಾವ ಸರ್ಕಾರದ ಮನುಷ್ಯ ಎಂದು ವಿಚಾರಿಸುತ್ತಿದ್ದರೆಂದು ನಮ್ಮ ಹಿರಿಯರು ಯಾರೂ ದೂರಿಲ್ಲ.

ಇಂಥ ಪರಂಪರೆಯ ಊರಿನ ಹುಡುಗರು ಈಗ ಮಾಸ್ಟರ್ಸ್ ಓದಲು, ಕಂಪ್ಯೂಟರ್ ಕೆಲಸಕ್ಕೆ ಎಂದು ಇಂಗ್ಲೆಂಡಿಗೆ ಹೋಗುತ್ತಿದ್ದಾರೆ. ಹೋಗುವ ಮುಂಚೆ ಎರಡು ಪ್ರಶ್ನೆ. ಅಕ್ಕಿ ಸಿಗುತ್ತದಾ ಅನ್ನುವುದು ಮೊದಲನೆಯದು. ಎರಡನೆಯದು, "ಅಲ್ಲಿ ಹೋದೇಟ್ಗೆ ಡಾಕ್ಟ್ರತ್ರ ರಿಜಿಸ್ಟ್ರು ಮಾಡಿಸ್ಬೇಕಂತಲ್ಲಾ, ಅದೆಂಗಣ್ಣ?" ಎಂಬುದು. ಅಕ್ಕಿಯ ಚಿಂತೆ ಬೇಡ, ಮೂಟೆಗಟ್ಟಲೆ ಸಿಗುತ್ತದೆ. ಡಾಕ್ಟರ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು.

ನೋಂದಣಿ ಉಚಿತ. 1948ರ ಜುಲೈ 5ರಂದು ಶುರುವಾದ ಅವರ ರಾಷ್ಟ್ರೀಯ ಆರೋಗ್ಯ ಸೇವೆಯ ಹೆಮ್ಮೆಯೇ ಅದು: ಬಾಗಿಲಲ್ಲಿ ದುಡ್ಡು ಕೇಳುವುದಿಲ್ಲ. ಬಾಗಿಲಲ್ಲಿ ಕೇಳುವುದಿಲ್ಲ, ಯಾಕೆಂದರೆ ಬೆಂಗಳೂರಿನಲ್ಲಿ ವೀಸಾ ಅರ್ಜಿ ತುಂಬುವಾಗಲೇ ಕಿತ್ತುಕೊಂಡಾಗಿರುತ್ತದೆ. 2024ರ ಫೆಬ್ರವರಿಯಿಂದ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಸರ್‌ಚಾರ್ಜ್, ವಿದ್ಯಾರ್ಥಿಯಾದರೆ 776. ಎಷ್ಟು ವರ್ಷದ ವೀಸಾವೋ ಅಷ್ಟೂ ವರ್ಷದ್ದು ಒಟ್ಟಿಗೇ. ಕೆಲಸಕ್ಕೆ ಸೇರಿದ ಮೇಲೆ ಸಂಬಳದ ತೆರಿಗೆಯಲ್ಲಿ ಇನ್ನೊಂದು ಸಲ. ಹೀಗೆ ಎರಡೆರಡು ಸಲ ಕೊಟ್ಟು ಮುಗಿಸಿದ ಮೇಲೆ ಸಿಗುವುದಕ್ಕೆ ಉಚಿತ ಎಂದು ಹೆಸರು. ನಮ್ಮಲ್ಲೂ ಭಾಗ್ಯಗಳು ಹೀಗೇ ಬರುವುದರಿಂದ ಹುಡುಗರಿಗೆ ಹೊಂದಿಕೊಳ್ಳಲು ತೊಂದರೆ ಆಗದು.

ತೊಂದರೆ ಆಗುವುದು ಕಾಗದಪತ್ರದಲ್ಲಿ. ಕೊಳ್ಳೇಗಾಲದ ಹುಡುಗ ನೋಂದಣಿಗೆಂದು ಹೊರಟರೆ ಕಂಕುಳಲ್ಲಿ ಏನಿರುತ್ತದೆ? ಆಧಾರ್, ಪ್ಯಾನ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅಪ್ಪನ ಪಡಿತರ ಚೀಟಿಯ ಜೆರಾಕ್ಸು, ಎಲ್ಲದಕ್ಕೂ ಗೆಜೆಟೆಡ್ ಅಧಿಕಾರಿಯ ಸಹಿ, ಮೇಲೆ ಆರು ಪಾಸ್‌ಪೋರ್ಟ್ ಅಳತೆಯ ಫೋಟೊ. ಇದನ್ನೆಲ್ಲ ಕೌಂಟರಿನ ಮೇಲೆ ಹರವಿದರೆ ಅಲ್ಲಿನ ಹೆಂಗಸು ಕಣ್ಣೆತ್ತಿ, ಹೆಸರು, ಹುಟ್ಟಿದ ದಿನ, ಮನೆ ವಿಳಾಸ ಸಾಕು ಎನ್ನುತ್ತಾಳೆ. ಇಂಗ್ಲೆಂಡಿನಲ್ಲಿ ಊರಿನ ಸಾಮಾನ್ಯ ವೈದ್ಯರ ಬಳಿ ಹೆಸರು ಬರೆಸಲು ಗುರುತಿನ ಚೀಟಿಯಾಗಲಿ, ವಿಳಾಸದ ಪುರಾವೆಯಾಗಲಿ, ವೀಸಾದ ಪುರಾವೆಯಾಗಲಿ ಕಡ್ಡಾಯವಲ್ಲ ಎಂಬುದು ಅವರ ನಿಯಮ. ಕೆಲವು ಕಡೆ ಕೌಂಟರಿನವರು ನಿಯಮ ಮರೆತು ಕರೆಂಟ್ ಬಿಲ್ಲು ಕೇಳುವುದೂ ಉಂಟು. ಕೌಂಟರ್ ಎಂಬ ಹಲಗೆಯ ಹಿಂದೆ ಕೂತರೆ ಯಾವ ಜನಾಂಗದವರಿಗೂ ಹಾಗೇ ಆಗುತ್ತದೆ. ಆದರೆ ಕೇಳದೇ ಹೋದಾಗ ನಮ್ಮ ಹುಡುಗನ ಸಂಕಟ ನೋಡಬೇಕು. ಜೆರಾಕ್ಸನ್ನೇ ತೆಗೆದುಕೊಳ್ಳದ ಆಸ್ಪತ್ರೆಯಲ್ಲಿ ಔಷಧಿ ಏನು ಚೆನ್ನಾಗಿರುತ್ತದೆ ಎಂದು ಅವನಿಗೆ ಅನುಮಾನ.

ಅರ್ಜಿಯಲ್ಲಿ ಜನಾಂಗ ಯಾವುದು ಎಂಬ ಕಾಲಂ ಇದೆ. ಇವನು ಉತ್ಸಾಹದಿಂದ 2ಎ, 3ಬಿ ಹುಡುಕುತ್ತಾನೆ. ಇಲ್ಲ. ಬರೀ ಭಾರತೀಯ ಅಂತಿದೆ. ಇಪ್ಪತ್ತೈದು ವರ್ಷದಲ್ಲಿ ಮೊದಲ ಬಾರಿಗೆ ಒಂದು ಸರ್ಕಾರಿ ಕಾಗದ ಅವನನ್ನು ಬರೀ ಭಾರತೀಯ ಎಂದು ಕರೆದದ್ದು, ಅದೂ ಇಂಗ್ಲಿಷರ ಕಾಗದ. ಮುಂದಿನ ಪ್ರಶ್ನೆ: ವಾರಕ್ಕೆ ಎಷ್ಟು ಯೂನಿಟ್ ಮದ್ಯ? ಗೃಹಜ್ಯೋತಿಯ ಇನ್ನೂರು ಯೂನಿಟ್ ಮಾತ್ರ ಗೊತ್ತಿದ್ದವನು ಗಾಬರಿಯಾಗಿ ಆ ಕಡೆ ಈ ಕಡೆ ನೋಡುತ್ತಾನೆ. ಅವರ ಲೆಕ್ಕದಲ್ಲಿ ವಾರಕ್ಕೆ ಹದಿನಾಲ್ಕು ದಾಟಬಾರದು. ಎಷ್ಟೇ ಇರಲಿ, ಇವನು ಸೊನ್ನೆ ಎಂದೇ ಬರೆಯುತ್ತಾನೆ. ಆ ಕಾಗದ ಹೇಗಾದರೂ ಮಾಡಿ ಅವ್ವನ ಕೈಗೆ ಸೇರಿಬಿಡುತ್ತದೆ ಎಂಬ ಭಯ ಏಳು ಸಮುದ್ರ ದಾಟಿದರೂ ಬಿಡುವುದಿಲ್ಲ.

ಇಷ್ಟಾದ ಮೇಲೆ ಹತ್ತಂಕಿಯ ಒಂದು ಸಂಖ್ಯೆ ಬರುತ್ತದೆ. ಹುಡುಗ ಅಮ್ಮನಿಗೆ ಫೋನ್ ಮಾಡಿ ಡಾಕ್ಟರು ಸಿಕ್ಕರು ಅನ್ನುತ್ತಾನೆ. ಸಿಕ್ಕಿದ್ದು ಸಂಖ್ಯೆ. ಡಾಕ್ಟರು ಸಿಗಬೇಕಾದರೆ ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ ಫೋನ್ ಮಾಡಬೇಕು, ಆ ಪ್ರಾಂತ್ಯದ ರೋಗಿಗಳೆಲ್ಲ ಅದೇ ನಿಮಿಷಕ್ಕೆ ಮಾಡುತ್ತಿರುತ್ತಾರೆ. ನಿಮ್ಮ ಸರದಿ ಇಪ್ಪತ್ಮೂರನೆಯದು ಎಂದು ಯಂತ್ರ ಹೇಳಿ ಪಿಟೀಲು ಬಾರಿಸುತ್ತದೆ. ಪಿಟೀಲು ಮುಗಿದು ಮನುಷ್ಯರು ಸಿಗುವ ಹೊತ್ತಿಗೆ ಅವತ್ತಿನ ಸಮಯವೆಲ್ಲ ಹಂಚಿ ಆಗಿರುತ್ತದೆ. ನಾಳೆ ಎಂಟಕ್ಕೆ ಮತ್ತೆ ಮಾಡಿ. ಜ್ವರವಂತೂ ಮೂರು ದಿನಕ್ಕೆ ತಾನೇ ಬಿಡುವಂಥದ್ದು. ಆ ವ್ಯವಸ್ಥೆ ನಿಂತಿರುವುದು ಜ್ವರದ ಈ ಒಳ್ಳೆಯತನದ ಮೇಲೆ.

ಕೊನೆಗೊಂದು ದಿನ ಸಮಯ ಸಿಕ್ಕಿತು ಅನ್ನಿ. ಹತ್ತು ನಿಮಿಷ. ಒಂದು ಭೇಟಿಗೆ ಒಂದೇ ಕಾಯಿಲೆ ಎಂದು ಕೆಲವು ಕಡೆ ಗೋಡೆಗೆ ಬರೆದು ಅಂಟಿಸಿರುತ್ತಾರೆ. ಮಗನ ಮನೆ ನೋಡಲು ಬಂದ ನಮ್ಮ ಕಡೆಯ ತಾಯಿಯನ್ನು ಅಲ್ಲಿ ಕೂರಿಸಿ ನೋಡಿ. ಯಾವ ದೇಶದಿಂದ ಬಂದವರಾದರೂ ಅಲ್ಲಿನ ಸಾಮಾನ್ಯ ವೈದ್ಯರು ಬಿಟ್ಟಿ ನೋಡಬಹುದು, ಅದೇನೂ ತಪ್ಪಲ್ಲ. ಆಯಮ್ಮನಿಗೆ ಬಂದಿರುವುದು ಸೊಂಟನೋವು. ಆದರೆ ಸೊಂಟನೋವು ಶುರುವಾಗಿದ್ದು ಎರಡನೇ ಹೆರಿಗೆಯಲ್ಲಿ, ಆ ಹೆರಿಗೆ ಆಗಿದ್ದು ಕಬಿನಿ ಕಾಲುವೆಗೆ ನೀರು ಬಿಟ್ಟ ವರ್ಷ, ಆ ವರ್ಷವೇ ಮೈದುನ ಭಾಗ ಕೇಳಿದ್ದು, ಮೈದುನನ ಹೆಂಡತಿ ಮಾಡಿಸಿದ ಮದ್ದೇನಾದರೂ ಹೊಟ್ಟೆಯಲ್ಲಿ ನಿಂತಿದೆಯೇ ಎಂಬ ಸಣ್ಣ ಅನುಮಾನ ಬೇರೆ. ಇದನ್ನೆಲ್ಲ ಮಗ ಇಂಗ್ಲಿಷಿಗೆ ತಿರುಗಿಸಿ, ಶೀ ಹ್ಯಾಸ್ ಬ್ಯಾಕ್ ಪೇಯ್ನ್ ಅನ್ನುತ್ತಾನೆ. "ನಾನ್ ಅಷ್ಟೊತ್ತು ಹೇಳ್ದೆ, ನೀ ಒಂದ್ ಮಾತಲ್ಲಿ ಮುಗ್ಸ್‌ಬುಟ್ಟಲ್ಲೋ" ಎಂದು ತಾಯಿಗೆ ಕೋಪ. ಡಾಕ್ಟರು ಪ್ಯಾರಸಿಟಮಾಲ್ ತಗೊಳ್ಳಿ, ನೀರು ಕುಡಿಯಿರಿ, ನಡೆದಾಡಿ ಅನ್ನುತ್ತಾರೆ. ಸೂಜಿ ಇಲ್ಲ. ಗ್ಲೂಕೋಸ್ ಇಲ್ಲ. ಕೆಂಪು ಟಾನಿಕ್ಕೂ ಇಲ್ಲ. ಆಯಮ್ಮ ಹೊರಗೆ ಬಂದು ಕೇಳುವ ಪ್ರಶ್ನೆ ಒಂದೇ: "ಈವಯ್ಯ ನಿಜ್ವಾಗ್ಲೂ ಓದವ್ನಾ?"

ಓದಿರುವುದು ಮೈಸೂರು ಮೆಡಿಕಲ್ ಕಾಲೇಜಿನಲ್ಲಿಯೇ ಇದ್ದರೂ ಆಶ್ಚರ್ಯವಿಲ್ಲ. 1924ರಲ್ಲಿ ಶುರುವಾದ ಆ ಕಾಲೇಜಿನಲ್ಲಿ ನಮ್ಮ ತೆರಿಗೆಯಲ್ಲಿ ಓದಿ, ನಮ್ಮವರದೇ ಕೈಗೆ ಸೂಜಿ ಚುಚ್ಚಿ ಕಲಿತು, ಆಮೇಲೆ ಬ್ರಿಟನ್ನಿನ ಸಣ್ಣ ಸಣ್ಣ ಗಣಿ ಊರು, ಬಂದರು ಊರುಗಳಲ್ಲಿ ನೆಲೆ ನಿಂತ ವೈದ್ಯರು ಒಬ್ಬಿಬ್ಬರಲ್ಲ. ಬಿಳಿಯ ವೈದ್ಯರು ಹೋಗಲೊಪ್ಪದ ಹಳ್ಳಿಗಳಿಗೆ ನಮ್ಮವರು ಹೋಗಿದ್ದರಿಂದಲೇ ಅವರ ಸೇವೆ ನಿಂತಿತು ಎಂದು ಅಲ್ಲಿನ ಇತಿಹಾಸಕಾರರೇ ಬರೆಯುತ್ತಾರೆ. ಹಳ್ಳಿಗೆ ಹೋಗಲು ನಮ್ಮ ವೈದ್ಯರು ಎಂದೂ ಹಿಂಜರಿದವರಲ್ಲ ಎಂದಾಯಿತು. ಹಳ್ಳಿ ವೇಲ್ಸ್‌ನಲ್ಲಿರಬೇಕು ಅಷ್ಟೇ.

ಅಮೆರಿಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಮೊದಲು ವಿಮೆಯವನು ನಿಮ್ಮನ್ನು ಪರೀಕ್ಷೆ ಮಾಡುತ್ತಾನೆ, ಅವನು ಪಾಸು ಮಾಡಿದರೆ ಡಾಕ್ಟರು. ಕೆನಡಾ ಮಾತ್ರ ನಮಗೆ ಹತ್ತಿರ. ಸುಮಾರು ಅರವತ್ತು ಲಕ್ಷ ಜನಕ್ಕೆ ಕುಟುಂಬ ವೈದ್ಯರಿಲ್ಲದ ದೇಶ ಅದು. 2025ರ ಜನವರಿಯಲ್ಲಿ ಒಂಟಾರಿಯೊದ ವಾಕರ್ಟನ್ ಎಂಬ ಸಣ್ಣ ಊರಿಗೆ ಹೊಸ ವೈದ್ಯರೊಬ್ಬರು ಬಂದರು, ಐನೂರು ಜನರನ್ನು ನೋಂದಾಯಿಸಿಕೊಳ್ಳುತ್ತೇನೆ ಎಂದರು. ಸುರಿಯುವ ಹಿಮದಲ್ಲಿ ಸಾವಿರಕ್ಕೂ ಹೆಚ್ಚು ಜನ ನಸುಕಿನಿಂದಲೇ ಸಾಲು ನಿಂತರು, ಅರ್ಧಕ್ಕಿಂತ ಹೆಚ್ಚು ಮಂದಿ ವಾಪಸ್ ಹೋದರು. ಆ ಸಾಲಿನ ಚಿತ್ರ ನೋಡಿದ ನಮ್ಮೂರಿನವರು ಯಾರೂ ಆಸ್ಪತ್ರೆ ಎಂದುಕೊಳ್ಳಲಿಲ್ಲ. ಅಮಾವಾಸ್ಯೆಗೆ ಮಾದಪ್ಪನ ಬೆಟ್ಟದ ಸರತಿ ಎಂದುಕೊಂಡರು. ವ್ಯತ್ಯಾಸ ಇಷ್ಟೇ, ಬೆಟ್ಟದಲ್ಲಿ ಅಷ್ಟು ಹೊತ್ತು ನಿಂತವರಿಗೆ ದರ್ಶನ ಗ್ಯಾರಂಟಿ.

ಹಾಗಿದ್ದರೆ ನಮ್ಮಲ್ಲಿ ಎಲ್ಲ ಸಲೀಸೇ? ಕೊಳ್ಳೇಗಾಲದ ಪೇಟೆಯ ಖಾಸಗಿ ಕ್ಲಿನಿಕ್ಕಿಗೆ ಬನ್ನಿ, ಅಲ್ಲಿ ನೋಂದಣಿ ಎಂಬ ಪದವೇ ಇಲ್ಲ. ಕಾಂಪೌಂಡರು ಮುಖ ನೋಡುತ್ತಾನೆ. "ಯಾವೂರು? ಯಾರ ಮಗ?" ಎರಡು ಪ್ರಶ್ನೆಗೆ ಮೂರು ತಲೆಮಾರಿನ ಸಕ್ಕರೆ ಕಾಯಿಲೆಯ ಚರಿತ್ರೆ ಹೊರಬರುತ್ತದೆ. ಬೆಂಚಿನ ಮೇಲೆ ಕೂತವರೆಲ್ಲ ನಿಮ್ಮ ರಿಪೋರ್ಟನ್ನು ಕೈಯಿಂದ ಕೈಗೆ ದಾಟಿಸಿ ಓದಿ, ಡಾಕ್ಟರು ನೋಡುವ ಮುಂಚೆಯೇ ಎರಡು ಅಭಿಪ್ರಾಯ ಕೊಟ್ಟಿರುತ್ತಾರೆ. ಯೂರೋಪಿನವರು ರೋಗಿಯ ಗೋಪ್ಯತೆ ಎಂದು ಕೋಟಿಗಟ್ಟಲೆ ಸುರಿಯುತ್ತಾರಲ್ಲ, ನಮ್ಮಲ್ಲಿ ರೋಗಿಯ ದಾಖಲೆ ಇರುವುದು ರೇಷ್ಮೆ ಸೀರೆ ಅಂಗಡಿಯ ಕವರಿನಲ್ಲಿ, ಗೋಡೆಯ ಮೊಳೆಗೆ ನೇತು ಹಾಕಿ. ಯಾವ ಹ್ಯಾಕರನೂ ಇದುವರೆಗೆ ಆ ಮೊಳೆಯ ತನಕ ಬಂದಿಲ್ಲ. ಸೂಜಿ ಬೇಕೆಂದರೆ ಸೂಜಿ, ಗ್ಲೂಕೋಸ್ ಬೇಕೆಂದರೆ ಗ್ಲೂಕೋಸ್. ದುಡ್ಡು ಕೊಟ್ಟವನು ರೋಗಿ, ಉಳಿದದ್ದೆಲ್ಲ ವಿವರ.

ಹನೂರಿನ ಕಡೆ ಇನ್ನೂ ಮುಂದುವರಿದಿದ್ದಾರೆ. ಅಲ್ಲಿ ಕೆಲವು ಹಳ್ಳಿಗಳಲ್ಲಿ ಪ್ರಶ್ನೆ ಬರುವುದು ರೋಗಿಯ ನೋಂದಣಿಯದ್ದಲ್ಲ, ಡಾಕ್ಟರದ್ದು. ಖಾಸಗಿ ಕ್ಲಿನಿಕ್ಕುಗಳೆಲ್ಲ ನೋಂದಾಯಿಸಿಕೊಳ್ಳಬೇಕೆಂದು ರಾಜ್ಯದಲ್ಲಿ 2007ರಿಂದ ಕಾಯ್ದೆ ಇದೆ. ಅಧಿಕಾರಿಗಳು ಜೀಪಿನಲ್ಲಿ ಬರುವ ಸುದ್ದಿ ಜೀಪಿಗಿಂತ ಮುಂಚೆ ಬರುತ್ತದೆ, ಕ್ಲಿನಿಕ್ಕಿಗೆ ಬೀಗ ಬೀಳುತ್ತದೆ, ಜೀಪು ಹೋದ ಮೇಲೆ ಬೀಗ ತೆರೆಯುತ್ತದೆ. ಇವರನ್ನು ಬೈಯುವುದು ಸುಲಭ. ಆದರೆ ರಾತ್ರಿ ಹತ್ತಕ್ಕೆ ಮಗುವಿಗೆ ಫಿಟ್ಸ್ ಬಂದಾಗ ಬಾಗಿಲು ತೆಗೆಯುವವನು ಇವನೊಬ್ಬನೇ ಆಗಿದ್ದರೆ, ತಾಯಿ ಅವನ ಸರ್ಟಿಫಿಕೇಟು ನೋಡುತ್ತಾ ನಿಲ್ಲುವುದಿಲ್ಲ.

ಸರ್ಕಾರಿ ಆಸ್ಪತ್ರೆಗೆ ಬಂದರೆ ಈಗ ಎಲ್ಲವೂ ಡಿಜಿಟಲ್. ಮೊದಲು ಒಂದು ಕಿಂಡಿ, ಒಂದು ಚೀಟಿ, ಚೀಟಿಯ ಮೇಲೆ ಹೆಸರು, ವಯಸ್ಸು. ಅಲ್ಲಿ ಹೆಸರು ಒಂಚೂರು ಆಚೀಚೆ ಆದರೂ ಔಷಧಿ ಅದೇ. ಈಗ ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಟೋಕನ್ ಬರುತ್ತದೆ. ಅದಕ್ಕೆ ಮೊದಲು ಆಭಾ ಎಂಬ ಹದಿನಾಲ್ಕು ಅಂಕಿಯ ಆರೋಗ್ಯ ಗುರುತಿನ ಸಂಖ್ಯೆ ಇರಬೇಕು, ಅದಕ್ಕೆ ಆಧಾರ್ ಬೇಕು, ಆಧಾರಿಗೆ ಜೋಡಿಸಿದ ಫೋನಿಗೆ ಓಟಿಪಿ ಬರಬೇಕು, ಜೋಡಿಸಿದ ಫೋನು ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿರುವ ಮಗಳ ಹತ್ತಿರ ಇದೆ, ಮಗಳು ಶಿಫ್ಟಿನಲ್ಲಿ ಫೋನ್ ಎತ್ತುವಂತಿಲ್ಲ. ಇಂಗ್ಲೆಂಡಿಗೆ ಹೋದವನಿಗೆ ಹತ್ತಂಕಿ ಸಾಕಾದರೆ ಇಲ್ಲೇ ಹುಟ್ಟಿ ಇಲ್ಲೇ ಮುದುಕಿಯಾದವಳಿಗೆ ಹದಿನಾಲ್ಕು ಬೇಕು, ಜನಸಂಖ್ಯೆ ಜಾಸ್ತಿ ಅಲ್ಲವೇ. ಇದು ಕಡ್ಡಾಯವಲ್ಲ, ಸ್ವಇಚ್ಛೆಯದು ಎಂದು ದೆಹಲಿಯ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿದೆ. ಆ ಕಾಗದವನ್ನು ಕಿಂಡಿಯ ಒಳಗಿರುವವರಿಗೆ ಯಾರಾದರೂ ಸ್ಕ್ಯಾನ್ ಮಾಡಿ ಕಳಿಸಬೇಕು.

ಇನ್ನು ದೊಡ್ಡ ಕಾಯಿಲೆ ಬಂದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ, ಎಪಿಎಲ್‌ಗೆ ಒಂದೂವರೆ ಲಕ್ಷದವರೆಗೆ ಖರ್ಚಿನ ಶೇಕಡ ಮೂವತ್ತು. ಯೋಜನೆ ಒಳ್ಳೆಯದೇ, ಅದರಿಂದ ಬದುಕಿದವರು ನಮ್ಮ ಸುತ್ತ ಬೇಕಾದಷ್ಟಿದ್ದಾರೆ. ಆದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯವರು ಇಲ್ಲಿ ಆಗುವುದಿಲ್ಲ ಎಂದು ಬರೆದು ಕೊಡಬೇಕು. ಹೀಗಾಗಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಯಾವ ಕೊರತೆ ಇದ್ದರೂ ಆಗುವುದಿಲ್ಲ ಎಂದು ಬರೆದುಕೊಡುವ ಸಿಬ್ಬಂದಿಗೆ ಕೊರತೆ ಬಂದದ್ದಿಲ್ಲ.

ನಿಜವಾದ ಹೊಸ ದೇಶ ಶುರುವಾಗುವುದು ಡಾಂಬರು ಮುಗಿದ ಮೇಲೆ. ಮಹದೇಶ್ವರ ಬೆಟ್ಟದ ಕಾಡಿನ ಒಳಗೆ ಇಂಡಿಗನತ್ತ, ಪಡಸಲನತ್ತ, ತೇಕಾಣೆ, ತುಳಸಿಕೆರೆಯಂಥ ಊರುಗಳಿವೆ. ಅಲ್ಲಿ ಬಸುರಿಗೆ ನೋವು ಬಂದರೆ, ಮುದುಕನ ಎದೆ ಹಿಡಿದರೆ, ಗಳಕ್ಕೆ ಬಟ್ಟೆ ಕಟ್ಟಿ ಡೋಲಿ ಮಾಡಿ ನಾಲ್ಕು ಜನ ಹೊತ್ತುಕೊಂಡು ಬೆಟ್ಟ ಇಳಿಯುತ್ತಾರೆ. ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಅಧಿಕಾರಿಗಳು ಭೇಟಿ ಕೊಡುತ್ತಾರೆ, ಮುಂದಿನ ಫೋಟೊದವರೆಗೆ ಎಲ್ಲ ಸುಮ್ಮನಾಗುತ್ತದೆ. 108 ಆಂಬುಲೆನ್ಸ್ ರಾಜ್ಯಕ್ಕೆ ಬಂದದ್ದು 2008ರ ನವೆಂಬರಿನಲ್ಲಿ. ಆ ನಂಬರಿಗೆ ಫೋನ್ ಮಾಡಲು ಸಿಗ್ನಲ್ ಬೇಕು, ಸಿಗ್ನಲ್ ಸಿಗುವ ಬಂಡೆಯ ತನಕ ನಡೆಯಬೇಕು, ಅಷ್ಟು ನಡೆಯುವ ಶಕ್ತಿ ಇರುವವನಿಗೆ ಆಂಬುಲೆನ್ಸ್ ಬೇಡ.

ಹಾಗೆಂದು ಇವರ ಹೆಸರು ಎಲ್ಲೂ ಬರೆದಿಲ್ಲ ಅಂದುಕೊಳ್ಳಬೇಡಿ. ಮತದಾರರ ಪಟ್ಟಿಯಲ್ಲಿ ಇದೆ. ಯಾವ ಮತದಾರನೂ ಎರಡು ಕಿಲೋಮೀಟರಿಗಿಂತ ಹೆಚ್ಚು ನಡೆಯಬಾರದು ಎಂಬುದು ಚುನಾವಣಾ ಆಯೋಗದ ಕಾಳಜಿ. ಅದೇ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಜನಸಂಖ್ಯೆಯ ಮೇಲೆ ಕೊಡುತ್ತಾರೆ, ಗುಡ್ಡಗಾಡಿನಲ್ಲಿ ಇಪ್ಪತ್ತು ಸಾವಿರ ತಲೆಗೆ ಒಂದು. ಕಾಡಿನ ನಡುವೆ ಇಪ್ಪತ್ತು ಸಾವಿರ ತಲೆ ಎಣಿಸಬೇಕಾದರೆ ಜಿಂಕೆಗಳನ್ನೂ ಸೇರಿಸಿಕೊಳ್ಳಬೇಕು. 2024ರ ಏಪ್ರಿಲ್ 26ರಂದು ಇಂಡಿಗನತ್ತಕ್ಕೆ ಮತಯಂತ್ರ ಬಂತು. ರಸ್ತೆ, ಕರೆಂಟು, ನೀರು ಕೊಡದವರಿಗೆ ಓಟು ಯಾಕೆ ಎಂದು ಬಹಿಷ್ಕಾರ ಹೂಡಿದ್ದ ಊರಿನಲ್ಲಿ ಗಲಾಟೆಯಾಗಿ ಮತಯಂತ್ರ ಪುಡಿಯಾಯಿತು. ಒಡೆದದ್ದು ತಪ್ಪು, ಅದಕ್ಕೆ ಕೇಸೂ ಬಿತ್ತು. ಆದರೆ ಗಮನಿಸಿ, ಮೂರೇ ದಿನಕ್ಕೆ, 29ರಂದು, ಮರುಮತದಾನಕ್ಕೆ ಹೊಸ ಯಂತ್ರ, ಸಿಬ್ಬಂದಿ, ಪೊಲೀಸರು ಎಲ್ಲ ಆ ಊರಿನಲ್ಲಿ ಹಾಜರ್. ಅದೇ ಕಲ್ಲುಹಾದಿಯಲ್ಲಿ. ಗಾಡಿ ಹೋಗುವುದಿಲ್ಲ ಎಂದು ಅಂದು ಯಾರೂ ಅನ್ನಲಿಲ್ಲ.

ಅದೇ ಕಾಡಿನಲ್ಲಿ ಹುಲಿಗೂ ನೋಂದಣಿ ಇದೆ. ಮೈಮೇಲಿನ ಪಟ್ಟೆಯ ಫೋಟೊ ತೆಗೆದು, ಒಂದೊಂದಕ್ಕೂ ಗುರುತು ಕೊಟ್ಟು ಇಟ್ಟಿದ್ದಾರೆ. ಪಾಪ, ಓಟಿಪಿ ಕೇಳಿಲ್ಲ. 2025ರ ಜೂನಿನಲ್ಲಿ ಹೂಗ್ಯಂ ವಲಯದಲ್ಲಿ ವಿಷ ತಿಂದು ತಾಯಿ ಹುಲಿ, ನಾಲ್ಕು ಮರಿ ಸತ್ತಾಗ ವೈದ್ಯರ ತಂಡ ಕಾಡಿನೊಳಗೇ ಹೋಗಿ ಮರಣೋತ್ತರ ಪರೀಕ್ಷೆ ಮಾಡಿತು. ಮಾಡಲೇಬೇಕಾದ ಕೆಲಸ, ಹುಲಿಯ ಸಾವು ಸಣ್ಣದೇನಲ್ಲ. ಆದರೂ ಡೋಲಿ ಹೊತ್ತ ಊರಿನವನು ಆ ಸುದ್ದಿ ಓದಿ ಏನು ಅಂದುಕೊಂಡಿರಬಹುದು ಎಂಬುದನ್ನು ಯಾವ ತನಿಖಾ ತಂಡವೂ ಕೇಳಿಲ್ಲ.

ಇದೇ ಹನೂರು ಸೀಮೆಯ ಸುಳ್ವಾಡಿಯಲ್ಲಿ 2018ರ ಡಿಸೆಂಬರ್ 14ರಂದು ಮಾರಮ್ಮನ ಗುಡಿಯ ಪ್ರಸಾದದಲ್ಲಿ ವಿಷ ಬಿದ್ದು ನೂರಕ್ಕೂ ಹೆಚ್ಚು ಜನ ನೆಲಕ್ಕುರುಳಿದಾಗ ವ್ಯಂಗ್ಯಕ್ಕೆ ಜಾಗವಿರಲಿಲ್ಲ, ಈಗಲೂ ಇಲ್ಲ. ಸಿಕ್ಕ ಸಿಕ್ಕ ವಾಹನದಲ್ಲಿ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಗೆ, ಕೊಳ್ಳೇಗಾಲಕ್ಕೆ, ಅಲ್ಲಿಂದ ಮುಂದೆ ಮೈಸೂರಿಗೆ ಸಾಗಿಸಿದರು. ಹದಿನೇಳು ಜನ ಉಳಿಯಲಿಲ್ಲ. ಆ ದಿನ ಬಾಗಿಲಲ್ಲಿ ಚೀಟಿ ಕೇಳದೆ ಒಳಗೆಳೆದುಕೊಂಡ ಸಿಸ್ಟರುಗಳನ್ನು, ವೈದ್ಯರನ್ನು ಈ ಕಡೆಯವರು ಇವತ್ತಿಗೂ ನೆನೆಯುತ್ತಾರೆ. ನೋಂದಣಿ ಇಲ್ಲದೆಯೂ ಆಸ್ಪತ್ರೆ ನಡೆಯಬಹುದು ಎಂಬುದಕ್ಕೆ ಇಷ್ಟು ದೊಡ್ಡ ಪುರಾವೆ ನಮಗೆ ಬೇಕಿರಲಿಲ್ಲ.

ಈ ಮೂರು ತಾಲ್ಲೂಕಿನಲ್ಲಿ ನಿಜಕ್ಕೂ ಪರದೇಶದಿಂದ ಬಂದವರೂ ಇದ್ದಾರೆ. ಹನೂರಿನಾಚೆ ಒಡೆಯರಪಾಳ್ಯದ ಹತ್ತಿರ 1970ರ ದಶಕದಿಂದ ನೆಲೆಸಿರುವ ಟಿಬೆಟನ್ನರು. ಹೊಸ ದೇಶಕ್ಕೆ ಹೋಗುವವರು ಏನೇನು ನಿರೀಕ್ಷಿಸಬೇಕು ಎಂದು ಕೇಳುವುದಾದರೆ ಇವರನ್ನು ಕೇಳಬೇಕು. ಇಲ್ಲೇ ಹುಟ್ಟಿದ ಮೊಮ್ಮಕ್ಕಳ ಕೈಯಲ್ಲೂ ಕಾಲಕಾಲಕ್ಕೆ ನವೀಕರಿಸಬೇಕಾದ ಒಂದು ನೋಂದಣಿ ಪುಸ್ತಕ. ನಾಡಿ ಹಿಡಿದು, ಮೂತ್ರ ನೋಡಿ ಕಾಯಿಲೆ ಹೇಳುವ ತಮ್ಮ ವೈದ್ಯವನ್ನೂ ಅವರು ಬೆನ್ನ ಮೇಲೆ ಹೊತ್ತು ತಂದರು. ಜನ ಬಂದದ್ದು 1959ರಿಂದ; ಆ ವೈದ್ಯಕ್ಕೆ ಸೋವಾ ರಿಗ್ಪಾ ಎಂಬ ಹೆಸರಿನಲ್ಲಿ ಭಾರತ ಸರ್ಕಾರದ ಮಾನ್ಯತೆ ಸಿಕ್ಕಿದ್ದು 2010ರಲ್ಲಿ. ಡಾಕ್ಟರ ಬಳಿ ನೋಂದಣಿಗೆ ಒಂದು ಬೆಳಗು ಕಾಯಬೇಕಾಯಿತು ಎಂದು ಗೊಣಗುವವರು ಗಮನಿಸಬೇಕು: ಇಲ್ಲೊಂದು ಇಡೀ ವೈದ್ಯಪದ್ಧತಿಯೇ ಐವತ್ತು ವರ್ಷ ಕಿಂಡಿಯ ಮುಂದೆ ನಿಂತಿತ್ತು. ಅಷ್ಟು ಹೊತ್ತೂ ಅದು ರೋಗಿಗಳ ನಾಡಿ ಹಿಡಿಯುವುದನ್ನು ನಿಲ್ಲಿಸಲಿಲ್ಲ.

ಯಳಂದೂರಿನ ಮೇಲೆ, ಬಿಳಿಗಿರಿರಂಗನ ಬೆಟ್ಟದಲ್ಲಿ, ಇದೇ ವ್ಯವಹಾರ ಒಮ್ಮೆ ತಲೆಕೆಳಗಾಗಿಯೂ ನಡೆದಿದೆ. 1980ರ ಸುಮಾರಿಗೆ ಡಾ. ಎಚ್. ಸುದರ್ಶನ್ ಎಂಬ ತರುಣ ವೈದ್ಯರು ಸೋಲಿಗ ಬುಡಕಟ್ಟಿನವರ ಪೋಡು ಎಂಬ ಹಾಡಿಗಳಿಗೆ ಹೋದರು. ಆಗ ಸೋಲಿಗರು ಡಾಕ್ಟರ ಬಳಿ ಹೆಸರು ಬರೆಸಲಿಲ್ಲ, ಡಾಕ್ಟರೇ ಸೋಲಿಗರ ಬಳಿ ಹೆಸರು ಬರೆಸಬೇಕಾಯಿತು. ಇಂವ ಯಾರು, ಯಾಕೆ ಬಂದ, ಎಷ್ಟು ದಿನ ಇರುತ್ತಾನೆ, ಮಳೆಗಾಲದಲ್ಲೂ ಇರುತ್ತಾನಾ ಎಂದು ಅವರು ನೋಡಿದರು. ಇದ್ದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, 1986ರಲ್ಲಿ ಕರುಣಾ ಟ್ರಸ್ಟ್, 1994ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ. 1996ರಲ್ಲಿ ಸರ್ಕಾರ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಟ್ರಸ್ಟಿನ ಕೈಗೆ ಕೊಟ್ಟಿತು. ನಮ್ಮ ಆಸ್ಪತ್ರೆಯನ್ನು ನೀವೇ ನಡೆಸಿಕೊಳ್ಳಿ ಎಂದು ಒಂದು ಸರ್ಕಾರ ಕೈಮುಗಿದು ಕೊಟ್ಟದ್ದನ್ನು ನಾಚಿಕೆ ಎಂದು ಯಾರೂ ಕರೆಯಲಿಲ್ಲ, ಮಾದರಿ ಎಂದು ಕರೆದು ದೂರ ದೂರದಿಂದ ನೋಡಲು ಬಂದರು. ನೋಡಿ ಹೋದವರು ತಮ್ಮ ತಮ್ಮ ಊರಿನಲ್ಲಿ ವರದಿ ಬರೆದರು.

ಈಗ ಸೋಲಿಗರ ಹತ್ತಿರವೂ ಕಾರ್ಡುಗಳಿಗೆ ಬರವಿಲ್ಲ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಕುಡುಗೋಲು ಕಣ ರಕ್ತಹೀನತೆ ನಿರ್ಮೂಲನಾ ಅಭಿಯಾನದಲ್ಲಿ ರಕ್ತ ಪರೀಕ್ಷೆ ಮಾಡಿ ಅದಕ್ಕೊಂದು ಕಾರ್ಡು ಕೊಡುತ್ತಾರೆ. ಪರೀಕ್ಷೆ ಬೇಕಾದದ್ದೇ. ರಕ್ತದ ಕಾರ್ಡು, ಪಡಿತರದ ಕಾರ್ಡು, ಓಟಿನ ಕಾರ್ಡು, ಆಯುಷ್ಮಾನ್ ಕಾರ್ಡು, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಕವರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಜೀಪು ಕಾದು ಬೆಟ್ಟ ಇಳಿಯಬೇಕು.

ಇಳಿದರೆ ಡಾಕ್ಟರು ಇರುತ್ತಾರಾ? ಇಲ್ಲಿಯೇ ಕಥೆಯ ರುಚಿ ಇರುವುದು. ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು, ಮಾಡಿದರೇ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಶಾಶ್ವತ ನೋಂದಣಿ ಎಂದು ರಾಜ್ಯ 2012ರಲ್ಲಿ ಕಾಯ್ದೆ ತಂದಿತು. ಅಂದರೆ ರೋಗಿಗೆ ಡಾಕ್ಟರ ಬಳಿ ನೋಂದಣಿ ಎಷ್ಟು ಮುಖ್ಯವೋ ಡಾಕ್ಟರಿಗೆ ರೋಗಿಯ ಊರಿನಲ್ಲಿ ನೋಂದಣಿ ಅಷ್ಟೇ ಮುಖ್ಯ. ಕಾಯ್ದೆ ಕೋರ್ಟು ಹತ್ತಿತು, ಇಳಿಯಿತು, ಬಾಂಡು, ದಂಡ, ವಿನಾಯಿತಿ ಎಲ್ಲ ಬಂದವು. 2023ರಲ್ಲಿ ತಿದ್ದುಪಡಿಯಾಗಿ, ಹುದ್ದೆ ಖಾಲಿ ಇದ್ದರೆ ಮಾತ್ರ ಸೇವೆ, ಇಲ್ಲದಿದ್ದರೆ ಬಿಡುಗಡೆ ಎಂದಾಯಿತು. ಹುದ್ದೆ ಖಾಲಿ ಇದೆಯೋ ಇಲ್ಲವೋ ಎಂಬುದನ್ನು ಡೋಲಿ ಹೊತ್ತವರನ್ನು ಕೇಳಿ ತೀರ್ಮಾನಿಸುವ ಪದ್ಧತಿ ಇನ್ನೂ ಬಂದಿಲ್ಲ.

ಹೀಗೆ ಒಂದು ಬೆಳಿಗ್ಗೆ ಬೆಟ್ಟದ ಬುಡದ ಯಾವುದೋ ಆರೋಗ್ಯ ಕೇಂದ್ರದಲ್ಲಿ ಇಬ್ಬರು ಎದುರುಬದುರು ಕೂತಿರುತ್ತಾರೆ. ಒಳಗೆ ಸೇವೆಯ ವರ್ಷ ತುಂಬಲು ದಿನ ಎಣಿಸುತ್ತಿರುವ ಹುಡುಗ ಡಾಕ್ಟರು; ಮುಂದೆ ಲೆಸ್ಟರಿಗೋ ಲೀಡ್ಸಿಗೋ ಹೋಗಲು ಬರೆಯಬೇಕಾದ ಪರೀಕ್ಷೆಯ ಪುಸ್ತಕ ಮೇಜಿನ ಮೇಲಿದೆ. ಹೊರಗೆ ಕವರು ಬಿಚ್ಚಿಕೊಂಡು ಕೂತ ಸೋಲಿಗ ಅಜ್ಜಿ. ಸಿಸ್ಟರಮ್ಮ ಕಂಪ್ಯೂಟರಿನ ಮುಂದೆ.

"ಅಜ್ಜಿ, ನಂಬರು ಬರ್ಬೇಕು. ವಸಿ ತಡಕೊ."

"ಎಲ್ಲಿಂದ ಬರ್ಬೇಕವ್ವ?"

"ಮೇಲಿಂದ."

"ನಾನೂ ಮೇಲಿಂದ್ಲೇ ಬಂದಿವ್ನಿ ಕನವ್ವ, ನಸುಕಲ್ಲೇ ಹೊಂಟು. ಅದು ಇನ್ನೂ ಹೊಂಟಿಲ್ವಾ?"